ಎತ್ತಿಗೆ ಜ್ವರ, ಪಬ್ಬಿಗೆ ಬರೆ

ಕೊರೊನಾ ಕಾಲದಲ್ಲಿ ಪಬ್ ಮುಚ್ಚಿಸಿದ್ದು ತಪ್ಪು ಅಂತ ನಾನು ವಾದ ಮಾಡ್ತಾ ಇಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಅರ್ಧ ಜನ ಎರಡನೇ ಪ್ಯಾರಾಕ್ಕೇ ಬಯ್ಯೋಕೆ ಶುರು ಮಾಡ್ತಾರೆ. ಗಾಳಿಯಾಡದ ಕೋಣೆ, ಕಿವಿಗಡಚಿಕ್ಕುವ ಹಾಡು, ಅದರ ಮೇಲೆ ಕೇಳಿಸಲಿ ಅಂತ ಮುಖದ ಹತ್ತಿರ ಮುಖ ತಂದು ಕೂಗಿ ಮಾತಾಡುವ ಜನ, ಕುಡಿಯಬೇಕೆಂದರೆ ಮಾಸ್ಕ್ ಇಳಿಸಲೇಬೇಕು. ವೈರಸ್ಸಿಗೆ ಇದಕ್ಕಿಂತ ಒಳ್ಳೆಯ ಛತ್ರ ಸಿಗೋದು ಕಷ್ಟವಿತ್ತು. ಮುಚ್ಚಿಸಿದರು, ಸರಿ. ನನ್ನ ಪ್ರಶ್ನೆ ಅದರ ಮುಂದಿನದು. ಇಡೀ ಊರಿನ ಆರೋಗ್ಯಕ್ಕಾಗಿ ಒಬ್ಬನ ಬಾಗಿಲಿಗೆ ಬೀಗ ಹಾಕಿಸಿದರೆ, ಆ ಬೀಗದ ಖರ್ಚು ಯಾರದು?

ನಾವು ಕೊಟ್ಟ ಉತ್ತರ: ಅವನದೇ. ಪೂರ್ತಿ ಅವನದೇ.

ದಿನಾಂಕ ಹಿಡಿದು ನೋಡೋಣ. ದೇಶದ ಮೊದಲ ಕೋವಿಡ್ ಸಾವು ಆದದ್ದು ನಮ್ಮ ಕಲಬುರಗಿಯಲ್ಲಿ, 2020ರ ಮಾರ್ಚ್ 10ರಂದು. ಯಡಿಯೂರಪ್ಪನವರ ಸರ್ಕಾರ 14ನೇ ತಾರೀಖಿನಿಂದ ಮಾಲು, ಥಿಯೇಟರು, ಪಬ್ಬುಗಳನ್ನು ಮುಚ್ಚಿಸಿತು. ಒಂದು ವಾರಕ್ಕೆ ಮಾತ್ರ ಅಂದಿದ್ದರು. ಆ ವಾರ ಮುಗಿದ ಕೆಲವೇ ದಿನಗಳಲ್ಲಿ ದೇಶಕ್ಕೆ ದೇಶವೇ ಮುಚ್ಚಿತು. ಬೆಂಗಳೂರಿನ ಪಬ್ಬಿನಲ್ಲಿ ಕೂತು ಒಂದು ಲೋಟ ಬಿಯರ್ ಕುಡಿಯಲು ಮತ್ತೆ ಅನುಮತಿ ಸಿಕ್ಕಿದ್ದು ಸೆಪ್ಟೆಂಬರ್ 1ಕ್ಕೆ, ಅದೂ ಅರ್ಧ ಕುರ್ಚಿಗೆ. ಎಣಿಸಿ ನೋಡಿ, 171 ದಿನ.

ಈ 171 ದಿನ ನಾಡು ಮದ್ಯ ಬಿಟ್ಟಿತ್ತಾ? ಎಲ್ಲಿ ಸ್ವಾಮಿ! ಮೇ 4ಕ್ಕೆ ಎಂಆರ್‌ಪಿ ಅಂಗಡಿಗಳ ಬಾಗಿಲು ತೆಗೆದರು. ಮೊದಲ ದಿನದ ವ್ಯಾಪಾರ 45 ಕೋಟಿ, ಮಾರನೇ ದಿನ 197 ಕೋಟಿ. ಬೆಳಗಿನ ಜಾವಕ್ಕೇ ಕ್ಯೂ ನಿಂತಿದ್ದವರ ಫೋಟೋ ನೀವೂ ನೋಡಿರ್ತೀರಿ. ಅದೇ ವಾರ ಅಬಕಾರಿ ಸುಂಕವನ್ನೂ ಏರಿಸಿದರು. ಯಾರೂ ತಕರಾರು ಮಾಡಲಿಲ್ಲ. ಅಷ್ಟು ದಿನ ಬಾಯಾರಿದ್ದವರು ರೇಟು ಕೇಳ್ತಾರಾ?

ಇಲ್ಲೊಂದು ಸೂಕ್ಷ್ಮವಿದೆ. ಕರ್ನಾಟಕದಲ್ಲಿ ಬಾಟಲಿ ಮದ್ಯವೆಲ್ಲ ಹೋಗಬೇಕಾದದ್ದು ಸರ್ಕಾರದ ಪಾನೀಯ ನಿಗಮದ ಡಿಪೋ ಮೂಲಕ. ಸುಂಕ ಅಷ್ಟರಲ್ಲೇ ಕಟ್ಟಿ ಮುಗಿದಿರುತ್ತದೆ. ಅಲ್ಲಿಂದ ಆಚೆ ಆ ಬಾಟಲಿ ಇಂದಿರಾನಗರದ ಪಬ್ಬಿಗೆ ಹೋಯಿತೋ, ಹೆಗ್ಗಡದೇವನಕೋಟೆಯ ವೈನ್ ಶಾಪಿಗೆ ಹೋಯಿತೋ, ಖಜಾನೆಗೆ ಎರಡೂ ಒಂದೇ. ಹಾಗಾಗಿ ಪಬ್ ಮುಚ್ಚಿದರೂ ಸರ್ಕಾರದ ಗಲ್ಲಾಪೆಟ್ಟಿಗೆ ಮುಚ್ಚಲಿಲ್ಲ. 2020-21ರ ಬಜೆಟ್ಟಿನಲ್ಲಿ ಅಬಕಾರಿಗೆ ಇಟ್ಟುಕೊಂಡಿದ್ದ ಗುರಿ 22,700 ಕೋಟಿ. ಆ ಹಣಕಾಸು ವರ್ಷದ ಮೊದಲ ಐದು ತಿಂಗಳು ರಾಜ್ಯದ ಒಂದೇ ಒಂದು ಪಬ್ಬಿನಲ್ಲೂ ಯಾರೂ ಕೂತು ಕುಡಿದಿಲ್ಲ. ಆದರೂ ವರ್ಷ ಮುಗಿಯುವಾಗ ವಸೂಲಿ ಗುರಿ ದಾಟಿತ್ತು. ಸರ್ಕಾರ ತನ್ನ ಪಾಲನ್ನು ಪಬ್ಬಿನ ಬಾಗಿಲಿನಿಂದ ಅಂಗಡಿಯ ಕಿಂಡಿಗೆ ವರ್ಗ ಮಾಡಿಕೊಂಡಿತು, ಅಷ್ಟೇ. ಹಾಗೆ ವರ್ಗ ಮಾಡಿಕೊಳ್ಳಲು ಆಗದೇ ಇದ್ದದ್ದು ಪಬ್ಬಿನವನಿಗೆ.

ಅವನಿಗೆ ಏನು ಕೊಟ್ಟರು? ಮೇ ತಿಂಗಳಲ್ಲಿ ಕೆಲವು ದಿನ, ಉಳಿದ ಸರಕನ್ನು ಎಂಆರ್‌ಪಿಗೆ ಪಾರ್ಸೆಲ್ ಮಾರಿಕೋ ಅಂದರು. ಬಾಟಲಿ ಬಿಯರಿನ ಆಯಸ್ಸೇ ಆರು ತಿಂಗಳು. ಮಾರ್ಚಿನಲ್ಲಿ ಫ್ರಿಜ್ಜಿನಲ್ಲಿದ್ದದ್ದು ಸೆಪ್ಟೆಂಬರಿಗೆ ಚರಂಡಿ ಪಾಲು. ಅಲ್ಲೇ ಕುದಿಸಿ, ಹುಳಿ ಬರಿಸಿ ಮಾರುವ ಮೈಕ್ರೋಬ್ರೂವರಿಯವನದು ಇನ್ನೂ ಕಷ್ಟ, ಅವನ ಬಿಯರು ಕೆಲವು ವಾರದ ಮಾತು. ಪಬ್ಬಿನವನು ಬಿಯರಿಗೆ ಜಾಸ್ತಿ ರೇಟು ಹಾಕುವುದು ಜಾಗಕ್ಕೆ, ಹಾಡಿಗೆ, ಅಡುಗೆಗೆ, ಬಡಿಸುವ ಹುಡುಗರಿಗೆ. ಎಂಆರ್‌ಪಿಗೆ ಮಾರು ಅಂದರೆ ಆ ಖರ್ಚೆಲ್ಲ ನಿನ್ನ ತಲೆ ಮೇಲಿರಲಿ, ಸರಕು ಮಾತ್ರ ಹೊರಗೆ ಹಾಕು ಅಂದಹಾಗೆ.

ಈಗ ಹಣ ಹಾಕಿದವರ ಕಡೆ ಬರೋಣ. ಪಬ್ಬಿಗೆ ದುಡ್ಡು ಹಾಕುವವರು ಅಂದ ತಕ್ಷಣ ನಮ್ಮ ಕಣ್ಣಿಗೆ ಬರುವುದು ವಿಜಯ್ ಮಲ್ಯನ ಗಡ್ಡ ಮತ್ತು ಕಿವಿಯ ಓಲೆ. ನಿಜ ಬೇರೆ ಇದೆ. ಬೆಂಗಳೂರಿನ ಎಷ್ಟೋ ಪಬ್ಬುಗಳ ಹಿಂದೆ ಇರುವುದು ಏಳೆಂಟು ಜನ ಪಾಲುದಾರರು. ಒಬ್ಬ ಸಾಫ್ಟ್‌ವೇರಿನವನು, ಒಬ್ಬ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದವನು, ಒಬ್ಬರ ಮಾವ, ಇನ್ನೊಬ್ಬರ ಕಾಲೇಜು ಗೆಳೆಯ. ಪಿಎಫ್ ಮುರಿಸಿದ್ದು, ಸೈಟ್ ಮಾರಿದ್ದು, ಹೆಂಡತಿಯ ಒಡವೆ ಅಡವಿಟ್ಟದ್ದು, ಎಲ್ಲ ಸೇರಿ ಒಂದು ಬಾರ್ ಕೌಂಟರು ಆಗಿರುತ್ತದೆ.

ಲೆಕ್ಕಕ್ಕೆ ಅಂತಹ ಒಂದು ಪಬ್ ಊಹಿಸಿಕೊಳ್ಳಿ. ತಿಂಗಳ ಬಾಡಿಗೆ 7 ಲಕ್ಷ. ಬೆಂಗಳೂರಿನ ರೂಢಿಯಂತೆ ಹತ್ತು ತಿಂಗಳ ಅಡ್ವಾನ್ಸು, 70 ಲಕ್ಷ. ಒಳಗಿನ ಅಲಂಕಾರ, ಅಡುಗೆಮನೆಯ ಹೊಗೆ ಕೊಳವೆ, ಸೌಂಡ್ ಪ್ರೂಫಿಂಗ್, ಎಲ್ಲಕ್ಕೂ 2 ಕೋಟಿ. ಬಾಗಿಲು ಮುಚ್ಚಿದ 171 ದಿನಕ್ಕೆ ಬಾಡಿಗೆಯೇ ಸುಮಾರು 40 ಲಕ್ಷ. ಕಟ್ಟಡದ ಮಾಲೀಕರು ತುಂಬಾ ಒಳ್ಳೆಯವರು, ಜಗಳ ಆಡಲಿಲ್ಲ, ಅಡ್ವಾನ್ಸಿನಲ್ಲಿ ಮುರಿದುಕೊಂಡರು ಅಂತಿಟ್ಟುಕೊಳ್ಳಿ. ಮಿಕ್ಕದ್ದು 30 ಲಕ್ಷ. ಅದರಲ್ಲಿ ಸಾಲದ ಕಂತು, ಹುಡುಗರ ಸಂಬಳ, ಹೊಸ ವರ್ಷದ ಪರವಾನಗಿ ಶುಲ್ಕ. ಸಾಕಪ್ಪಾ ಅಂತ ಮುಚ್ಚಿಬಿಟ್ಟರೆ ಆ 2 ಕೋಟಿಯ ಅಲಂಕಾರಕ್ಕೆ ಸಿಗೋದು ಗುಜರಿ ರೇಟು. ಗೋಡೆಗೆ ಅಂಟಿಸಿದ ಇಟ್ಟಿಗೆಯನ್ನು ಯಾರೂ ಬಿಚ್ಚಿಕೊಂಡು ಹೋಗೋಕಾಗಲ್ಲ. ಷೇರು ಬಿದ್ದರೆ ಮತ್ತೆ ಏಳುತ್ತೆ, ಕಾಯಬಹುದು. ಇಂಥ ಪಬ್ಬಿನ ಪಾಲು ಮಾರೋಣ ಅಂದರೆ ಕೊಳ್ಳುವವರಿಲ್ಲ, ಕಾಯೋಣ ಅಂದರೆ ತಿಂಗಳು ತಿಂಗಳು ತಿನ್ನುತ್ತದೆ.

ಹೋಗಲಿ, ನಮ್ಮ ವ್ಯವಸ್ಥೆ ಏನಂತು? ಬ್ಯಾಂಕು ಮಾರ್ಚಿನಿಂದ ಆಗಸ್ಟ್‌ವರೆಗೆ ಕಂತು ಮುಂದೂಡಿತು, ಬಡ್ಡಿ ಮುಂದೂಡಲಿಲ್ಲ. ಬಡ್ಡಿ ಮೇಲಿನ ಬಡ್ಡಿ ಬೇಡ ಅನ್ನಿಸಿಕೊಳ್ಳಲಿಕ್ಕೆ ಸುಪ್ರೀಂ ಕೋರ್ಟಿನ ತನಕ ಹೋಗಬೇಕಾಯಿತು, ತೀರ್ಪು ಬಂದದ್ದು 2021ರ ಮಾರ್ಚಿನಲ್ಲಿ. ಸರ್ಕಾರದ ಖಾತರಿಯ ತುರ್ತು ಸಾಲ ಯೋಜನೆ 2020ರ ಮೇನಲ್ಲೇ ಬಂತು, ಆದರೆ ಆತಿಥ್ಯ ಉದ್ಯಮಕ್ಕೆ ಅಂತಲೇ ಅದನ್ನು ಹಿಗ್ಗಿಸಿದ್ದು 2021ರ ಮಾರ್ಚಿನಲ್ಲಿ, ಅಂದರೆ ಒಂದು ವರ್ಷದ ಮೇಲೆ. ಅದೂ ಸಾಲವೇ. ಮುಳುಗುವವನಿಗೆ ಇನ್ನೊಂದು ಬಕೆಟ್ ನೀರು ಕೊಟ್ಟ ಹಾಗೆ. ಬಾಡಿಗೆ? ದೆಹಲಿಯ ಖಾನ್ ಮಾರ್ಕೆಟ್ಟಿನ ಒಂದು ಮಳಿಗೆಯ ವಿಷಯದಲ್ಲಿ ಅಲ್ಲಿನ ಹೈಕೋರ್ಟು 2020ರ ಮೇನಲ್ಲಿ ಹೇಳಿತು: ಒಪ್ಪಂದದಲ್ಲಿ ಬರೆದಿಲ್ಲದಿದ್ದರೆ, ಲಾಕ್‌ಡೌನ್ ಅನ್ನೋ ಒಂದೇ ಕಾರಣಕ್ಕೆ ಬಾಡಿಗೆ ನಿಲ್ಲಿಸುವ ಹಾಗಿಲ್ಲ. ಸಂಬಳ? ಮಾರ್ಚ್ 29ರಂದು ಕೇಂದ್ರ ಗೃಹ ಇಲಾಖೆ ಆದೇಶ ಹೊರಡಿಸಿ, ಮುಚ್ಚಿದ ಅವಧಿಗೂ ಪೂರ್ತಿ ಸಂಬಳ ಕೊಡಿ ಅಂತು. ಅದಕ್ಕಾಗಿ ಮಾಲೀಕನ ಕೈಗೆ ಒಂದು ರೂಪಾಯಿ ಕೊಡಲಿಲ್ಲ. ಮೇನಲ್ಲಿ ಆ ಆದೇಶವೂ ಹೋಯಿತು. ಅಷ್ಟರಲ್ಲಿ ಮಣಿಪುರ, ಅಸ್ಸಾಂ, ಒಡಿಶಾದ ಹುಡುಗರು ರೈಲು ಯಾವಾಗ ಬಿಡ್ತಾರೆ ಅಂತ ಕಾಯ್ತಾ ಇದ್ದರು. ವಿಮೆ? ನಮ್ಮಲ್ಲಿ ವ್ಯಾಪಾರ ನಷ್ಟದ ವಿಮೆ ಸಾಮಾನ್ಯವಾಗಿ ಬೆಂಕಿ ವಿಮೆಯ ಬಾಲ. ಕಟ್ಟಡಕ್ಕೆ ಏಟು ಬಿದ್ದರೆ ಮಾತ್ರ ಹಣ. ವೈರಸ್ ಗೋಡೆ ಒಡೆಯಲಿಲ್ಲವಲ್ಲ!

ಮತ್ತೆ 2021. ಏಪ್ರಿಲ್ ಕೊನೆಗೆ ಎರಡನೇ ಬೀಗ. ಜುಲೈ 5ರಿಂದ ಜಾರಿಗೆ ಬಂದ ಆದೇಶ ನೋಡಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ: ಬಾರ್ ತೆರೆಯಬಹುದು, ಪಬ್ ತೆರೆಯಬಾರದು. ಅಬಕಾರಿ ಕಾಗದದಲ್ಲಿ ಬಹಳಷ್ಟು ಪಬ್ಬುಗಳದ್ದೂ ಬಾರುಗಳದ್ದೂ ಒಂದೇ ಸಿಎಲ್-9 ಪರವಾನಗಿ. ಹಾಗಿದ್ದರೆ ಪಬ್ ಯಾವುದು, ಬಾರ್ ಯಾವುದು? ಬೋರ್ಡಿನ ಮೇಲೆ ಏನು ಬರೆದಿದೆಯೋ ಅದಾ? ಕುರ್ಚಿ ಎತ್ತರವಾದರೆ ಪಬ್ಬಾ? ಪಬ್ಬಿಗೆ ಪೂರ್ತಿ ಅನುಮತಿ ಅಂತ ಬಂದದ್ದು ಅಕ್ಟೋಬರ್ 3ಕ್ಕೆ. ವೈರಸ್ಸಿಗೆ ಈ ವ್ಯತ್ಯಾಸ ಗೊತ್ತಿರಲಿಲ್ಲ, ವಿಧಾನಸೌಧಕ್ಕೆ ಗೊತ್ತಿತ್ತು. ಬಾರು ಬಡವನ ದುಃಖಕ್ಕೆ, ಪಬ್ಬು ಶ್ರೀಮಂತರ ಮಕ್ಕಳ ಕೊಬ್ಬಿಗೆ ಅನ್ನೋದು ನಮ್ಮೊಳಗೇ ಇರುವ ತೀರ್ಮಾನ. ಆ ತೀರ್ಮಾನವೇ ಆರೋಗ್ಯದ ಕೋಟು ಹಾಕಿಕೊಂಡು ಆದೇಶದೊಳಗೆ ಬಂದು ಕೂತಿತು.

ಬೇರೆ ದಾರಿ ಇರಲಿಲ್ಲವೇ ಅಂತೀರಾ? ಪಬ್ ಅನ್ನೋ ಪದವೇ ಬಂದ ಬ್ರಿಟನ್ನನ್ನು ನೋಡೋಣ. ಅಲ್ಲಿ 2020ರ ಮಾರ್ಚ್ 20ರಂದು ಪಬ್ ಮುಚ್ಚಿಸಿದರು. ಅದೇ ದಿನ, ಕೆಲಸವಿಲ್ಲದೆ ಮನೆಯಲ್ಲಿ ಕೂತ ನೌಕರನ ಸಂಬಳದ ಶೇ 80ರಷ್ಟನ್ನು, ತಿಂಗಳಿಗೆ 2,500 ಪೌಂಡ್ ಮಿತಿಯೊಳಗೆ, ಸರ್ಕಾರ ಕೊಡುತ್ತದೆ ಅಂತ ಘೋಷಿಸಿದರು. ವಿಮೆ ಕಂಪನಿಗಳು ಕೈ ಎತ್ತಿದಾಗ ಅಲ್ಲಿನ ಹಣಕಾಸು ನಿಯಂತ್ರಕ ಸಂಸ್ಥೆಯೇ ಪಾಲಿಸಿದಾರರ ಪರವಾಗಿ ಕೋರ್ಟಿಗೆ ಹೋಯಿತು. 2021ರ ಜನವರಿ 15ರಂದು ಅಲ್ಲಿನ ಸುಪ್ರೀಂ ಕೋರ್ಟು ಬಹುಪಾಲು ಪಾಲಿಸಿದಾರರ ಪರವಾಗಿಯೇ ತೀರ್ಪು ಕೊಟ್ಟಿತು. ಬಾಕಿ ಬಾಡಿಗೆಗೆ 2022ರ ಮಾರ್ಚಿನಲ್ಲಿ ಒಂದು ಕಾಯ್ದೆಯನ್ನೇ ತಂದರು. ಮುಚ್ಚಿಸಿದ ಅವಧಿಯ ಬಾಡಿಗೆಯನ್ನು ಬೇರೆ ಎತ್ತಿಟ್ಟು, ಮಾಲೀಕ-ಬಾಡಿಗೆದಾರ ಒಪ್ಪದಿದ್ದರೆ ಪಂಚರು ತೀರ್ಮಾನಿಸಲಿ ಅಂತ. ಅಲ್ಲಿ ಎಲ್ಲ ಸುಖವಾಗಿತ್ತು ಅಂತಲ್ಲ, ಅಲ್ಲೂ ಪಬ್ಬುಗಳು ಸತ್ತವು. ಆದರೆ ಖರ್ಚನ್ನು ಹಂಚಬೇಕು ಅನ್ನೋ ಮಾತಾದರೂ ಹುಟ್ಟಿತು. ಅಷ್ಟು ಹಣ ನಮ್ಮಲ್ಲಿಲ್ಲ ಅನ್ನಬಹುದು. ಬಾಡಿಗೆ ಕಾಯ್ದೆಗೆ ಖಜಾನೆಯ ಹಣ ಬೇಕಾಗಿರಲಿಲ್ಲ ಸ್ವಾಮಿ, ಮನಸ್ಸು ಬೇಕಿತ್ತು.

ಇಲ್ಲೇ ದೊಡ್ಡ ಹೂಡಿಕೆದಾರರ ಕಥೆಯನ್ನೂ ನೋಡಬೇಕು. ಬ್ರಿಟನ್ನಿನ ದೊಡ್ಡ ಪಬ್ ಸರಣಿ ವೆದರ್‌ಸ್ಪೂನ್ ಬಾಗಿಲು ಮುಚ್ಚಿದ ತಿಂಗಳೊಪ್ಪತ್ತಿನಲ್ಲಿ ಹೊಸ ಷೇರು ಮಾರಿ 141 ಮಿಲಿಯನ್ ಪೌಂಡ್ ಎತ್ತಿತು. ನಮ್ಮಲ್ಲಿ ಬಿರಾ ಬಿಯರಿನ ಕಂಪನಿಗೆ ಜಪಾನಿನ ಕಿರಿನ್ 2021ರ ಜನವರಿಯಲ್ಲಿ 3 ಕೋಟಿ ಡಾಲರ್ ಹಾಕಿತು. ಅದೇ ವರ್ಷದ ಜೂನಿನಲ್ಲಿ, ಬೆಂಗಳೂರಿನ ಪಬ್ಬುಗಳಿಗೆ ಎರಡನೇ ಸಲ ಬೀಗ ಬಿದ್ದಿದ್ದಾಗ, ಹೈನೆಕೆನ್ ಇದೇ ಬೆಂಗಳೂರಿನ ಯುನೈಟೆಡ್ ಬ್ರೂವರೀಸ್‌ನ ಇನ್ನಷ್ಟು ಷೇರು ಕೊಂಡು ತನ್ನ ಪಾಲನ್ನು ಶೇ 61.5ಕ್ಕೆ ಏರಿಸಿಕೊಂಡಿತು. ಇದರಲ್ಲಿ ತಪ್ಪೇನೂ ಇಲ್ಲ. ಆಳವಾದ ಜೇಬು ಇದ್ದವನಿಗೆ ಕೆಟ್ಟ ಕಾಲವೇ ಕೊಳ್ಳುವ ಕಾಲ. ಆದರೆ ಎಂಟು ಜನ ಸೇರಿ ಕಟ್ಟಿದ ಪಬ್ಬು ಹೊಸ ಷೇರು ಯಾರಿಗೆ ಮಾರಬೇಕು? ಮಾವನಿಗೆ ಇನ್ನೊಂದು ಸಲ?

‘ವ್ಯಾಪಾರ ಅಂದ ಮೇಲೆ ರಿಸ್ಕ್ ಇದ್ದದ್ದೇ’ ಅನ್ನುವವರಿಗೆ ಒಂದು ಮಾತು. ಹೌದು, ಇದೆ. ಪಕ್ಕದಲ್ಲಿ ಇನ್ನೊಂದು ಪಬ್ ಬಂದರೆ, ಬಾಣಸಿಗ ಬಿಟ್ಟು ಹೋದರೆ, ಜನರ ರುಚಿ ಬದಲಾದರೆ, ಅದು ಹೂಡಿಕೆದಾರನ ಹಣೆಬರಹ. ಸರ್ಕಾರ ನಾಲ್ಕು ಜನರ ಒಳಿತಿಗಾಗಿ ಮುಚ್ಚು ಅಂದರೆ ಅದು ಬೇರೆ. ರಸ್ತೆ ಅಗಲ ಮಾಡಲು ನಿಮ್ಮ ಮನೆಯ ಮುಂದಿನ ಆರಡಿ ತೆಗೆದುಕೊಂಡರೆ ‘ಮನೆ ಕಟ್ಟೋದ್ರಲ್ಲಿ ರಿಸ್ಕ್ ಇದ್ದದ್ದೇ’ ಅಂತ ಸುಮ್ಮನಿರ್ತೀರಾ? ಪರಿಹಾರ ಕೇಳ್ತೀರಿ. ಆರಡಿ ಜಾಗಕ್ಕೆ ಇರುವ ನ್ಯಾಯ ಆರು ತಿಂಗಳ ದುಡಿಮೆಗೆ ಯಾಕಿಲ್ಲ?

‘ಕುಡಿಸುವವನಿಗೆ ಏನು ಕನಿಕರ’ ಅನ್ನುವವರಿಗೆ ಉತ್ತರ ಇನ್ನೂ ಸುಲಭ. ಅವನು ಕುಡಿಸಿದ್ದರಿಂದ ಬಂದ ಸುಂಕದಲ್ಲೇ ನಮ್ಮ ಶಾಲೆ, ಆಸ್ಪತ್ರೆ, ಅಕ್ಕಿ ಎಲ್ಲ ನಡೆಯುವುದು. ದುಡ್ಡು ಮಡಿ, ದುಡ್ಡು ತಂದವನು ಮೈಲಿಗೆ ಅಂದರೆ ಹೇಗೆ? ಪಬ್ಬೇ ಬೇಡ ಅನ್ನುವುದಾದರೆ ಧೈರ್ಯವಾಗಿ ಪರವಾನಗಿ ಕೊಡಬೇಡಿ. ಪರವಾನಗಿ ಕೊಟ್ಟು, ಶುಲ್ಕ ಎಣಿಸಿಕೊಂಡು, ಆಮೇಲೆ ಮೂಗು ಮುಚ್ಚಿಕೊಳ್ಳಬೇಡಿ.

ಆಗಬೇಕಾದ್ದು ದೊಡ್ಡ ಕೆಲಸವೇನಲ್ಲ. ಒಂದು, ಸರ್ಕಾರವೇ ಮುಚ್ಚಿಸಿದ ದಿನಗಳಿಗೆ ಪರವಾನಗಿ ಶುಲ್ಕ ಕಡಿತವಾಗಬೇಕು. ಕಂತು ಬೇರೆ, ಕಡಿತ ಬೇರೆ. ವರ್ಷಕ್ಕೆ ಅಂತ ದುಡ್ಡು ತೆಗೆದುಕೊಂಡು ಅರ್ಧ ವರ್ಷ ಬೀಗ ಹಾಕಿಸಿದರೆ ಮಿಕ್ಕ ಅರ್ಧ ಯಾರದು? ಎರಡು, ಸರ್ಕಾರಿ ಆದೇಶದಿಂದ ಮುಚ್ಚಿದ ಅವಧಿಯ ಬಾಡಿಗೆಯನ್ನು ಮಾಲೀಕ, ಬಾಡಿಗೆದಾರ ಹಂಚಿಕೊಳ್ಳುವ ನಿಯಮ ಕಾನೂನಿನಲ್ಲೇ ಬರಬೇಕು. ಮೂರು, ಬಾಟಲಿ ಅಂಗಡಿ ಮೂಲಕ ಹರಿದು ಬಂದ ಅಬಕಾರಿಯಲ್ಲಿ ಒಂದು ಸಣ್ಣ ಪಾಲನ್ನಾದರೂ ಮುಚ್ಚಿದ ಕಡೆಯ ಹುಡುಗರ ಸಂಬಳಕ್ಕೆ ಎತ್ತಿಡಬೇಕು. ನಾಲ್ಕು, ಗೋಡೆ ಒಡೆಯದಿದ್ದರೂ ಹಣ ಕೊಡುವ ವಿಮೆಯೊಂದು ಬೇಕು. ಇನ್ನು ಪಬ್ಬಿಗೆ ಹಣ ಹಾಕಲು ಹೊರಟ ಗೆಳೆಯರಿಗೂ ಒಂದು ಮಾತು: ಬಿಯರಿನ ರುಚಿ ನೋಡುವ ಮೊದಲು ಬಾಡಿಗೆ ಕರಾರಿನ ಕೊನೆಯ ಪುಟ ನೋಡಿ. ‘ಸರ್ಕಾರ ಮುಚ್ಚಿಸಿದರೆ’ ಅನ್ನುವ ಒಂದು ಸಾಲು ಅಲ್ಲಿ ಇಲ್ಲದಿದ್ದರೆ ಬರೆಸಿ, ಬರೆಯಲ್ಲ ಅಂದರೆ ಎದ್ದು ಬನ್ನಿ.

2022ರ ಜನವರಿಯಲ್ಲಿ ಮೂರನೇ ಅಲೆ ಬಂದಾಗ ಮತ್ತೆ ಅರ್ಧ ಕುರ್ಚಿ, ರಾತ್ರಿ ಕರ್ಫ್ಯೂ, ವಾರಾಂತ್ಯ ಕರ್ಫ್ಯೂ ಬಂದವು. ವಾರಾಂತ್ಯವೇ ಪಬ್ಬಿನ ಅನ್ನ. ಆಗಲೂ ಬಿಲ್ಲು ಯಾರಿಗೆ ಅಂತ ಯಾರೂ ಕೇಳಲಿಲ್ಲ. ಮುಂದಿನ ರೋಗಕ್ಕೆ ಇನ್ನೂ ಹೆಸರಿಟ್ಟಿಲ್ಲ, ಆದರೆ ಅದು ಬಂದ ದಿನ ಮೊದಲು ಬೀಗ ಬೀಳುವ ಬಾಗಿಲು ಯಾವುದು ಅಂತ ನಮಗೆಲ್ಲ ಗೊತ್ತು. ಬೀಗ ಹಾಕುವ ಅಧಿಕಾರವನ್ನು ಬರೆದಿಟ್ಟುಕೊಂಡಿದ್ದೀರಲ್ಲ, ಅದರ ಖರ್ಚಿನ ಲೆಕ್ಕವನ್ನೂ ಈಗಲೇ ಬರೆದಿಡಿ.