ಮಕ್ಕಳಿಲ್ಲ, ಅದಕ್ಕೇ ಮಕ್ಕಳಿಲ್ಲ

ನಮ್ಮೂರಿನ ಸರಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಓದುವಾಗ ನಲವತ್ತಕ್ಕೂ ಹೆಚ್ಚು ಮಕ್ಕಳಿದ್ದೆವು. ಈಗ 14. "ಅಲ್ಲಿ ಸರಿಯಾಗಿ ಕಲಿಸುವುದಿಲ್ಲ" ಎಂಬುದು ಊರಿನವರ ಮಾತು. ನನಗೆ ಅದು ಅರ್ಧ ಸತ್ಯ ಅನಿಸುತ್ತದೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕದಲ್ಲಿ ಒಂದರಿಂದ ಐದರವರೆಗಿನ ಶಾಲೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು. ತರಗತಿ ಐದು, ಶಿಕ್ಷಕರು ಇಬ್ಬರು! ಅವರಲ್ಲೊಬ್ಬರು ಸಭೆ, ತರಬೇತಿ, ಗಣತಿ ಎಂದು ಹೋದರೆ ಉಳಿಯುವುದು ಒಬ್ಬರೇ. ನಲಿಕಲಿಯಲ್ಲಿ ಒಂದರಿಂದ ಮೂರನೇ ತರಗತಿಯವರು ಒಟ್ಟಿಗೆ ಕೂರುತ್ತಾರೆ. ಅದು ಒಳ್ಳೆಯ ಪದ್ಧತಿಯೇ, ನಾನೂ ಹಾಗೆಯೇ ಕಲಿತವನು. ಆದರೆ ನಾಲ್ಕು, ಐದನ್ನೂ ಅದೇ ಕೋಣೆಗೆ ತಂದರೆ ಟೀಚರ್ ಏನು ಮಾಡಿಯಾರು? ಅದನ್ನು ಕಂಡ ಪೋಷಕರು ಮಗುವನ್ನು ಬಿಡಿಸುತ್ತಾರೆ. ಮಕ್ಕಳು ಕಡಿಮೆಯಾದರೆ ಶಿಕ್ಷಕರು 'ಹೆಚ್ಚುವರಿ' ಎಂದಾಗಿ ಬೇರೆ ಕಡೆ ಹೋಗುತ್ತಾರೆ. ಮತ್ತೆ ಇನ್ನಷ್ಟು ಮಕ್ಕಳು ಬಿಡುತ್ತಾರೆ.

ಇನ್ನು ಪ್ರಾಯದ ವಿಷಯ. ಸರಕಾರಿ ಶಾಲೆ ಒಂದನೇ ತರಗತಿಗೆ ಮಗು ಬರಲಿ ಎಂದು ಕಾಯುತ್ತದೆ. ಖಾಸಗಿ ಶಾಲೆಯ ವ್ಯಾನು ಎಲ್‌ಕೆಜಿಗೇ ಮನೆ ಬಾಗಿಲಿಗೆ ಬರುತ್ತದೆ. ಎರಡು ವರ್ಷ ಹಳದಿ ವ್ಯಾನಿನಲ್ಲಿ ಹೋದ ಮಗುವನ್ನು ಯಾವ ತಾಯಿ ವಾಪಸ್ ಕರೆತರುತ್ತಾಳೆ? ಬಿಸಿಯೂಟ, ಹಾಲು, ಉಚಿತ ಪುಸ್ತಕ ಎಲ್ಲ ಇದ್ದರೂ ನಾವು ಸೋಲುವುದು ಇಲ್ಲೇ. ಕೆಲವು ಸರಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ, ಆಂಗ್ಲ ಮಾಧ್ಯಮ ತೆರೆದಿದ್ದಾರೆ. ನಮ್ಮದರಲ್ಲಿ ಇಲ್ಲ.

ಫಲಿತಾಂಶದ ಶೇಕಡಾವಾರು ಹಿಡಿದು ಸಣ್ಣ ಶಾಲೆಗಳನ್ನು ಅಳೆಯುವುದನ್ನೂ ನಾನು ಒಪ್ಪುವುದಿಲ್ಲ. ಹಳ್ಳಿಯ ಪ್ರೌಢಶಾಲೆಯಲ್ಲಿ ಎಂಟು ಮಂದಿ ಎಸೆಸೆಲ್ಸಿ ಬರೆದು ಒಬ್ಬ ಫೇಲಾದರೆ 100 ಇದ್ದದ್ದು 87.5 ಆಗುತ್ತದೆ. ಪೇಟೆಯ ದೊಡ್ಡ ಶಾಲೆಯಲ್ಲಿ ಒಬ್ಬ ಫೇಲಾದರೆ ಯಾರಿಗೂ ಗೊತ್ತಾಗುವುದಿಲ್ಲ.

ಹರೇಕಳ ಹಾಜಬ್ಬರಿಗೆ ಪದ್ಮಶ್ರೀ ಬಂದಾಗ ನಾವೆಲ್ಲ ಸ್ಟೇಟಸ್ ಹಾಕಿದ್ದೆವು. ಕಿತ್ತಳೆ ಮಾರಿ ಅವರು ನ್ಯೂಪಡ್ಪುವಿಗೆ ತಂದದ್ದು ಸರಕಾರಿ ಶಾಲೆಯನ್ನು. ಸ್ಟೇಟಸ್ ಹಾಕಿದ ಎಷ್ಟು ಮನೆಗಳ ಮಕ್ಕಳು ಇಂದು ಅಂಥ ಶಾಲೆಗೆ ಹೋಗುತ್ತಿದ್ದಾರೆ? ಬೆಳಗ್ಗಿನ ಮದ್ರಸ ಮುಗಿಸಿ ನಡೆದೇ ಹೋಗುವಷ್ಟು ಹತ್ತಿರ ನಮ್ಮ ಶಾಲೆ. ಈಗ ವ್ಯಾನಿನ ಹೊತ್ತಿಗೆ ಮದ್ರಸದಿಂದಲೂ ಮಕ್ಕಳು ಬೇಗ ಏಳುತ್ತಾರೆ.

ಎನ್ನೆಸ್ಸೆಸ್ ಶಿಬಿರದಲ್ಲಿ ಶಾಲೆಯ ಗೋಡೆಗೆ ಬಣ್ಣ ಬಳಿಯುವುದು ವಾಡಿಕೆ. ಈ ಸಲ ಅದರ ಬದಲು ಎಸ್‌ಡಿಎಂಸಿಯವರ ಜೊತೆ ಕೂತು, ನಾಲ್ಕು ವರ್ಷದ ಮಕ್ಕಳಿರುವ ಮನೆಗಳ ಪಟ್ಟಿ ಮಾಡಿ, ಎಲ್‌ಕೆಜಿ ತೆರೆಯಲು ಬಿಇಒ ಕಚೇರಿಗೆ ಮನವಿ ಕೊಡೋಣವೇ? ಮನವಿ ಬರೆಯಲು ನಾನು ತಯಾರು.