ಹೆಬ್ಬಾರರ ಗೆರೆ

ಕಟ್ಟಿಂಗೇರಿ ಕೃಷ್ಣ ಹೆಬ್ಬಾರರನ್ನು (1911–1996) ಪೂರ್ವ-ಪಶ್ಚಿಮಗಳ ಸಮನ್ವಯಕಾರರೆಂದು ಹೊಗಳುವುದು ವಾಡಿಕೆಯಾಗಿದೆ. ಈ ಮಾತು ನನಗೆ ಒಪ್ಪಿಗೆಯಿಲ್ಲ. ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ತಾವು ಕಲಿತು, ಅಲ್ಲಿಯೇ ಅಧ್ಯಾಪಕರಾಗಿ ಕಲಿಸಿದ ಪಾಶ್ಚಾತ್ಯ ಪದ್ಧತಿ ತಮ್ಮದಾಗಲಿಲ್ಲವೆಂಬ ಅತೃಪ್ತಿ ಅವರನ್ನು ಕಾಡಿತು. ಅಜಂತಾದತ್ತ, ಜೈನ ಹಸ್ತಪ್ರತಿಗಳ ಚಿತ್ರಗಳತ್ತ ತಿರುಗಿದರು. ಅಲ್ಲಿಗೆ ನಿಂತರೇ? ಇಲ್ಲ, 1949ರಲ್ಲಿ ಪ್ಯಾರಿಸ್ಸಿಗೆ ಹೋಗಿ, ಪಾಠ ಹೇಳಿದ್ದ ಮೇಷ್ಟರು ಮತ್ತೆ ವಿದ್ಯಾರ್ಥಿಯಾಗಿ ಕುಳಿತರು. ಅವರ ತೈಲವರ್ಣದ ದಪ್ಪ ಲೇಪದಲ್ಲಿ ಯುರೋಪು ಇದೆ, ನಿಜ. ಆದರೆ ರೇಖಾಚಿತ್ರಗಳಲ್ಲಿ ತಡೆಯಿಲ್ಲದೆ ಓಡುವ ಗೆರೆ ಬಾಲ್ಯದಲ್ಲಿ ಕಂಡ ಯಕ್ಷಗಾನದ ಕುಣಿತವನ್ನು ಮರೆತಿಲ್ಲ. ಒಂದು ಇನ್ನೊಂದಕ್ಕೆ ಮಣಿದದ್ದು ನನಗಂತೂ ಕಾಣದು. ಆ ಗೆರೆಯನ್ನು ನಕಲು ಮಾಡಲು ವಿದ್ಯಾರ್ಥಿಗಳಿಗೆ ಹೇಳುವ ಅಧ್ಯಾಪಕರು ಮೊದಲು ಆ ಅತೃಪ್ತಿಯ ಕಥೆಯನ್ನು ಹೇಳಲಿ.