ಎರಡು ಅಂಕದ ಅಭಿಸರಣ

ಅರೆಪಾರಕ ಪೊರೆಯ ಮೂಲಕ ಕಡಿಮೆ ಸಾರತೆಯ ದ್ರಾವಣದಿಂದ ಹೆಚ್ಚು ಸಾರತೆಯ ದ್ರಾವಣದ ಕಡೆಗೆ ನೀರಿನ ಅಣುಗಳು ಚಲಿಸುವ ಕ್ರಿಯೆಗೆ ಅಭಿಸರಣ ಎನ್ನುವರು. ಇದನ್ನು ಓದುತ್ತಿದ್ದಂತೆ ನಿಮ್ಮಲ್ಲಿ ಬಹುಮಂದಿಯ ನಾಲಗೆ ತಾನಾಗಿಯೇ ಜೊತೆಗೂಡಿರಬೇಕು. ಎರಡು ಅಂಕ, ಚಿತ್ರ ಬರೆದರೆ ಮೂರು. ಮೂವತ್ತಕ್ಕೂ ಹೆಚ್ಚು ವರ್ಷ ಉತ್ತರಪತ್ರಿಕೆಗಳಲ್ಲಿ ಈ ವಾಕ್ಯವನ್ನು ಓದಿದವನು ನಾನು. ವಾಕ್ಯದಲ್ಲಿ ದೋಷವಿಲ್ಲ. ಆದರೆ ಅಲ್ಲಿಗೇ ನಿಲ್ಲಿಸಿ ಮುಂದಿನ ಪಾಠಕ್ಕೆ ಜಿಗಿಯುವ ನಮ್ಮ ಪದ್ಧತಿ ತಪ್ಪು, ಮತ್ತು ಆ ತಪ್ಪಿನ ಬೆಲೆಯನ್ನು ತೆರುತ್ತಿರುವವರು ಹಾಲುಗಲ್ಲದ ಮಕ್ಕಳು ಎಂಬುದು ನನ್ನ ವಾದ.

2024ರ ಬೇಸಗೆಯಲ್ಲಿ ಹಳೆಯ ಶಿಷ್ಯನೊಬ್ಬ ದೂರವಾಣಿ ಮಾಡಿದ. ಈಗ ದೊಡ್ಡ ಎಂಜಿನಿಯರು. ವಿಜ್ಞಾನದಲ್ಲಿ ನೂರಕ್ಕೆ ತೊಂಬತ್ತೆಂಟು ತೆಗೆದವನು. ಹೆಸರು ಬರೆಯುವುದಿಲ್ಲ, ಓದಿದಾಗ ಅವನಿಗೇ ತಿಳಿಯುತ್ತದೆ. ಎರಡು ವರ್ಷದ ಮಗಳಿಗೆ ಹಿಂದಿನ ರಾತ್ರಿಯಿಂದ ಭೇದಿ. "ಓಆರ್‌ಎಸ್ ಕುಡಿಸುತ್ತಲೇ ಇದ್ದೇವೆ ಸಾರ್, ಕಡಿಮೆಯಾಗುವ ಬದಲು ಹೆಚ್ಚುತ್ತಿದೆ. ಡ್ರಿಪ್ ಹಾಕಿಸಿಬಿಡೋಣ ಅಂತಿದ್ದೇವೆ" ಎಂದ. ಪೊಟ್ಟಣದ ಮೇಲೆ ಏನು ಬರೆದಿದೆಯೋ ಓದಪ್ಪ ಎಂದೆ. ಪೊಟ್ಟಣವಲ್ಲ, ಸೇಬಿನ ಚಿತ್ರವಿದ್ದ ಕಾಗದದ ಡಬ್ಬಿ! ನೂರು ಮಿಲಿಲೀಟರಿಗೆ ಹತ್ತು ಗ್ರಾಮಿನ ಆಸುಪಾಸು ಸಕ್ಕರೆ. ಅದನ್ನು ಬದಿಗಿಟ್ಟು ಕೂಡಲೇ ಮಕ್ಕಳ ವೈದ್ಯರಲ್ಲಿಗೆ ಹೋಗು ಎಂದು ಗದರಿದೆ. ವೈದ್ಯರು ಕೊಟ್ಟದ್ದು ನೀರಿನಲ್ಲಿ ಕಲಕುವ ಪುಡಿಯ ಪೊಟ್ಟಣ ಮತ್ತು ಸತುವಿನ ಔಷಧ, ಅಷ್ಟೇ. ಡ್ರಿಪ್ ಬೇಕಾಗಲಿಲ್ಲ.

ಆ ಹುಡುಗನಿಗೆ ಅಭಿಸರಣದ ವ್ಯಾಖ್ಯೆ ಬಾಯಿಪಾಠವಿತ್ತು. ಉಪ್ಪು ಸವರಿದ ಮಾವಿನ ಮಿಡಿ ಏಕೆ ಸುಕ್ಕುಗಟ್ಟಿ ನೀರು ಬಿಡುತ್ತದೆ ಎಂದು ಕೇಳಿದ್ದರೆ ನಿದ್ದೆಯಲ್ಲಿಯೂ ಹೇಳುತ್ತಿದ್ದ. ಕರುಳಿನೊಳಗೆ ಸಕ್ಕರೆಯ ಪಾನಕ ಸುರಿದರೂ ನಡೆಯುವುದು ಅದೇ ಕ್ರಿಯೆ. ರಕ್ತದ ಸಾರತೆ, ಅದನ್ನು ಅಳೆಯುವ ಮಾನದಲ್ಲಿ, ಲೀಟರಿಗೆ ಸುಮಾರು 290. ಡಬ್ಬಿಯ ಸಿಹಿ ಪಾನೀಯಗಳದ್ದು ಸಾಮಾನ್ಯವಾಗಿ ಅದಕ್ಕಿಂತ ಬಹಳ ಹೆಚ್ಚು. ನೀರು ಯಾವ ಕಡೆಗೆ ಚಲಿಸಬೇಕು? ದೇಹದಿಂದ ಕರುಳಿನೊಳಕ್ಕೆ. ಕುಡಿಸಿದಷ್ಟೂ ಭೇದಿ ಹೆಚ್ಚಿತೆಂದರೆ ಆಶ್ಚರ್ಯವೇನು? ಈ ಎರಡನ್ನೂ ಜೋಡಿಸಲು ಯಾರೂ ಅವನಿಗೆ ಹೇಳಿರಲಿಲ್ಲ, ಏಕೆಂದರೆ ಪ್ರಶ್ನೆಪತ್ರಿಕೆ ಅದನ್ನು ಎಂದೂ ಕೇಳುವುದಿಲ್ಲ.

ನನ್ನ ದೊಡ್ಡ ತಕರಾರು 'ಸಮತೋಲನ' ಎಂಬ ಪದವನ್ನು ನಾವು ತರಗತಿಯಲ್ಲಿ ಬಳಸುವ ರೀತಿಯ ಬಗ್ಗೆ. ಪೊರೆಯ ಎರಡೂ ಬದಿಗಳು ಸಮವಾಗುವವರೆಗೆ ಚಲನೆ, ಆಮೇಲೆ ಶಾಂತಿ ಎಂದು ಕಲಿಸಿಬಿಡುತ್ತೇವೆ. ಆಲೂಗಡ್ಡೆಯ ಬಟ್ಟಲಿಗೆ, ಒಣದ್ರಾಕ್ಷಿಗೆ ಅಷ್ಟು ಸಾಕು. ಜೀವಂತ ಕೋಶದ ಸಂಗತಿ ಬೇರೆ. ನಮ್ಮ ದೇಹದ ಕೋಶದೊಳಗೆ ಪೊಟ್ಯಾಸಿಯಂ ಹೊರಗಿಗಿಂತ ಸುಮಾರು ಮೂವತ್ತು ಪಟ್ಟು ಹೆಚ್ಚು. ಸೋಡಿಯಂ ಒಳಗಿಗಿಂತ ಹೊರಗೆ ಹತ್ತು ಪಟ್ಟಿನಷ್ಟು ಹೆಚ್ಚು. ಈ ಅಸಮಾನತೆಯನ್ನು ಉಳಿಸಿಕೊಳ್ಳುವುದೇ ಕೋಶದ ದಿನಚರಿ. ಪೊರೆಯಲ್ಲಿ ಹುದುಗಿರುವ ಒಂದು ಪ್ರೋಟೀನು ಒಂದು ಸುತ್ತಿಗೆ ಮೂರು ಸೋಡಿಯಂ ಅಯಾನುಗಳನ್ನು ಹೊರದೂಡಿ ಎರಡು ಪೊಟ್ಯಾಸಿಯಂ ಅಯಾನುಗಳನ್ನು ಒಳತರುತ್ತದೆ. ಡೆನ್ಮಾರ್ಕಿನ ಯೆನ್ಸ್ ಸ್ಕೋ 1957ರಲ್ಲಿ ಇದನ್ನು ಏಡಿಯ ನರಗಳಲ್ಲಿ ಗುರುತಿಸಿದರು. ನೊಬೆಲ್ ಬಂದದ್ದು 1997ರಲ್ಲಿ, ನಲವತ್ತು ವರ್ಷದ ತರುವಾಯ. ಸುಮ್ಮನೆ ಮಲಗಿರುವ ಮನುಷ್ಯನ ಶಕ್ತಿವೆಚ್ಚದಲ್ಲಿ ಸುಮಾರು ಐದನೆಯ ಒಂದು ಪಾಲು ಈ ಪಂಪಿನ ಕೆಲಸಕ್ಕೇ ಹೋಗುತ್ತದೆ. ಪಂಪು ನಿಂತು ಎರಡೂ ಬದಿ ಸಮವಾದರೆ ಆ ಕೋಶ ಸತ್ತಿತೆಂದೇ ಅರ್ಥ. ನಾವು ಮಕ್ಕಳಿಗೆ ಹೆಣದ ಲಕ್ಷಣವನ್ನು ಜೀವದ ಲಕ್ಷಣವೆಂದು ಕಲಿಸುತ್ತಿದ್ದೇವೆ! ಮಾತು ಕಟುವಾಯಿತೆಂದು ಶಿಕ್ಷಕ ಮಿತ್ರರು ಬೇಸರಿಸಬಾರದು.

ಈ ಅಸಮಾನತೆಯಿಂದ ಆಗುವ ಉಪಕಾರವೇನೆಂಬುದನ್ನು ಕರುಳಿನಲ್ಲಿ ನೋಡಬೇಕು. ಕರುಳಿನ ಒಳಗೋಡೆಯ ಕೋಶಗಳು ಸೋಡಿಯಮ್ಮನ್ನು ರಕ್ತದ ಕಡೆಗೆ ಸದಾ ಹೊರಹಾಕುತ್ತಿರುವುದರಿಂದ ಅವುಗಳೊಳಗೆ ಸೋಡಿಯಂ ಕಡಿಮೆ. ಹಾಗಾಗಿ ಕರುಳಿನ ಕುಹರದಲ್ಲಿರುವ ಸೋಡಿಯಂ ಒಳನುಗ್ಗಲು ಕಾಯುತ್ತಿರುತ್ತದೆ. ಆದರೆ ಅಲ್ಲಿಯ ಮುಖ್ಯ ಬಾಗಿಲೊಂದಕ್ಕೆ ವಿಚಿತ್ರ ನಿಯಮ: ಎರಡು ಸೋಡಿಯಮ್ಮಿನ ಜೊತೆಗೆ ಒಂದು ಗ್ಲೂಕೋಸ್ ಇದ್ದರಷ್ಟೇ ಪ್ರವೇಶ. ಒಬ್ಬರನ್ನು ಬಿಟ್ಟು ಇನ್ನೊಬ್ಬರು ಬಂದರೆ ಬಾಗಿಲು ತೆರೆಯದು. ಇಬ್ಬರೂ ಒಳಹೊಕ್ಕರೆ ಅವರ ಬೆನ್ನಿಗೇ ನೀರು ಬರುತ್ತದೆ, ನಮ್ಮ ಎರಡು ಅಂಕದ ಅಭಿಸರಣದ ನಿಯಮದಂತೆಯೇ. ಈ ಜೋಡಿ ಸಾಗಣೆಯನ್ನು ರಾಬರ್ಟ್ ಕ್ರೇನ್ ಎಂಬ ಅಮೆರಿಕದ ವಿಜ್ಞಾನಿ 1960ರಲ್ಲಿ ಪ್ರಾಗ್ ನಗರದ ಸಭೆಯೊಂದರಲ್ಲಿ ಮಂಡಿಸಿದರು. ಅದಕ್ಕೂ ಹಿಂದಿನ ವರ್ಷ ಕಲ್ಕತ್ತೆಯ ಶಂಭುನಾಥ ಡೇ ಅವರು ಕಾಲರಾ ರೋಗಾಣು ಕರುಳಿನೊಳಗೆ ವಿಷವೊಂದನ್ನು ಸ್ರವಿಸುತ್ತದೆಂದು ತೋರಿಸಿದ್ದರು. ಆ ವಿಷದ ಪ್ರಭಾವದಿಂದ ಕೋಶಗಳ ಕ್ಲೋರೈಡ್ ಬಾಗಿಲುಗಳು ತೆರೆದೇ ಉಳಿದು, ಲವಣವೂ ನೀರೂ ಹೊರಕ್ಕೆ ಸುರಿಯುತ್ತವೆ. ಆದರೆ ಗ್ಲೂಕೋಸ್-ಸೋಡಿಯಂ ಬಾಗಿಲನ್ನು ವಿಷ ಮುಟ್ಟುವುದಿಲ್ಲ. ಮನೆಯ ಮಾಡು ಸೋರುತ್ತಿದ್ದರೂ ಬಾವಿಯ ರಾಟೆ ಕೆಟ್ಟಿಲ್ಲವೆಂದಂತೆ.

1971ರಲ್ಲಿ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ನಡುವೆ ಕಾಲರಾ ಹಬ್ಬಿದಾಗ ಬನಗಾಂವ್‌ನ ಆಸ್ಪತ್ರೆಯಲ್ಲಿ ರೋಗಿಗಳು ನೆಲದ ಮೇಲೆ ಮಲಗಿದ್ದರು. ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿಯುತ್ತ ಬಂದಿತ್ತು. ಡಾ. ದಿಲೀಪ್ ಮಹಾಲನಬಿಸ್ ಎಂಬ ಮಕ್ಕಳ ವೈದ್ಯರು ಉಪ್ಪು, ಗ್ಲೂಕೋಸ್ ಮತ್ತು ಅಡಿಗೆ ಸೋಡವನ್ನು ಲೀಟರಿಗೆ ಇಂತಿಷ್ಟೆಂದು ತೂಗಿಸಿ, ನೀರಿನಲ್ಲಿ ಕಲಕಿಸಿ, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ಮೂವತ್ತರ ಸಮೀಪವಿದ್ದ ಶೇಕಡಾವಾರು ಸಾವಿನ ಪ್ರಮಾಣ ಅವರ ಆರೈಕೆಯಲ್ಲಿದ್ದವರಲ್ಲಿ 3.6ಕ್ಕೆ ಇಳಿಯಿತು. ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆ 1978ರಲ್ಲಿ ಇದನ್ನು ಶತಮಾನದ ಅತಿ ಮಹತ್ವದ ವೈದ್ಯಕೀಯ ಮುನ್ನಡೆಯಾಗಬಲ್ಲದ್ದೆಂದು ಬಣ್ಣಿಸಿತು. ಬಣ್ಣಿಸಿದ್ದು ಯಾವುದನ್ನು ಗೊತ್ತೆ? ಪುಡಿಯ ಪೊಟ್ಟಣವನ್ನಲ್ಲ, ಸೋಡಿಯಂ ಮತ್ತು ಗ್ಲೂಕೋಸ್ ಜೊತೆಯಾಗಿ ಪೊರೆ ದಾಟುತ್ತವೆ ಎಂಬ ಆ ತಿಳಿವನ್ನು. ನಮ್ಮ ತರಗತಿಗಳಲ್ಲಿ ಅದಕ್ಕೆ ಸ್ಥಳವಿಲ್ಲ. ಮಹಾಲನಬಿಸರು 2022ರಲ್ಲಿ ತೀರಿಕೊಂಡರು. ಪದ್ಮವಿಭೂಷಣ ಬಂದದ್ದು ಮರುವರ್ಷ.

ಇಷ್ಟೆಲ್ಲ ಪ್ರೌಢಶಾಲೆಯ ಮಕ್ಕಳಿಗೆ ಭಾರವಾಗುತ್ತದೆ ಎಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಪೊಟ್ಯಾಸಿಯಂ ಪರ್ಮಾಂಗನೇಟಿನ ಸಮೀಕರಣವನ್ನು ಸರಿದೂಗಿಸುವ ಮಗುವಿಗೆ 'ಎರಡಕ್ಕೆ ಒಂದು' ಭಾರವೆ? ವೈದ್ಯರ ಕೆಲಸ ವೈದ್ಯರಿಗಿರಲಿ ಎನ್ನುವವರೂ ಇದ್ದಾರೆ. ಪ್ರಜ್ಞೆ ತಪ್ಪಿದ, ಕುಡಿದದ್ದನ್ನೆಲ್ಲ ವಾಂತಿ ಮಾಡುವ, ತೀರ ಬಸವಳಿದ ರೋಗಿಗೆ ಡ್ರಿಪ್ಪೇ ಬೇಕು, ಅದನ್ನು ವೈದ್ಯರೇ ನಿರ್ಧರಿಸಬೇಕು, ನಿಜ. ಆದರೆ ಭೇದಿಯ ಮೊದಲ ಗಂಟೆಗಳಲ್ಲಿ ಲೋಟ ಹಿಡಿದಿರುವವಳು ತಾಯಿ ಅಥವಾ ಅಜ್ಜಿ. ನೀರು ಕೊಟ್ಟರೆ ಭೇದಿ ಜಾಸ್ತಿಯಾಗುತ್ತದೆಂದು ಮಗುವನ್ನು ಒಣಗಿಸುವ ಮನೆಗಳು ಈಗಲೂ ಇವೆ. ಕೈಗೆ ಸೂಜಿ ಚುಚ್ಚದಿದ್ದರೆ ಚಿಕಿತ್ಸೆಯೇ ಅಲ್ಲ ಎನ್ನುವ ಮನೆಗಳು ಅದಕ್ಕಿಂತ ಹೆಚ್ಚು. ಬರಿಯ ಗ್ಲೂಕೋಸ್ ಪುಡಿ ಕಲಕುವವರಿಗೆ ಸೋಡಿಯಂ ನೆನಪಾಗುವುದಿಲ್ಲ. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಯಥೇಚ್ಛ, ಸೋಡಿಯಂ ಅತ್ಯಲ್ಪ, ಅದೊಂದನ್ನೇ ನಂಬುವಂತಿಲ್ಲ. ಉಪ್ಪು ಹಾಕಿದ ಅಕ್ಕಿಗಂಜಿಯ ತಿಳಿ ಕುಡಿಸುತ್ತಿದ್ದ ನಮ್ಮ ಅಜ್ಜಿಯರು ಪೊರೆಯ ಹೆಸರು ಕೇಳದಿದ್ದರೂ ಸರಿಯಾದ ಬಾಗಿಲನ್ನೇ ತಟ್ಟುತ್ತಿದ್ದರು: ಗಂಜಿಯ ಪಿಷ್ಟ ಜೀರ್ಣವಾದಾಗ ದೊರೆಯುವುದು ಗ್ಲೂಕೋಸೇ.

ಸಿಹಿ ಪಾನೀಯಕ್ಕೆ ಓಆರ್‌ಎಸ್ ಎಂಬ ಅಕ್ಷರಗಳನ್ನು ಅಂಟಿಸಿ ಮಾರುವುದರ ವಿರುದ್ಧ ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ಅವರು ಎಂಟು ವರ್ಷ ಹೋರಾಡಿದ ಮೇಲೆ, 2025ರ ಅಕ್ಟೋಬರಿನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಅದನ್ನು ನಿಷೇಧಿಸಿತು. ಸಂತೋಷ. ಆದರೆ ಹೆಸರು ಅಳಿಸಿದ ಮಾತ್ರಕ್ಕೆ ಅಭ್ಯಾಸ ಅಳಿಯದು. ಪುಡಿ ಕೊಳ್ಳುವಾಗ ಹಿಂಬದಿಯ ಅಂಕಿಗಳನ್ನು ಓದಿ. ವಿಶ್ವ ಆರೋಗ್ಯ ಸಂಸ್ಥೆಯ 2002ರ ಸೂತ್ರದಂತೆ ಒಂದು ಲೀಟರಿಗೆ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6, ಪೊಟ್ಯಾಸಿಯಂ ಕ್ಲೋರೈಡ್ 1.5, ಸಿಟ್ರೇಟ್ 2.9, ಒಟ್ಟು ಸಾರತೆ 245, ಅಂದರೆ ರಕ್ತಕ್ಕಿಂತ ತುಸು ಕಡಿಮೆ. ಲೀಟರಿನ ಪೊಟ್ಟಣವನ್ನು ಒಂದು ಲೋಟ ನೀರಿಗೆ ಸುರಿದರೆ ಅದೂ ಸಿಹಿ ಪಾನೀಯದಂತೆಯೇ ನೀರನ್ನು ಹೊರಕ್ಕೆಳೆಯುತ್ತದೆ. ಆದ್ದರಿಂದ ಅಳತೆ ಮೀರಬೇಡಿ. ಪೊಟ್ಟಣ ಸಿಗದ ಊರಿನಲ್ಲಿ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮ ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು.

ನಿಮ್ಮಲ್ಲಿ ಹಲವರು ಈಗ ವಿಜ್ಞಾನ ಶಿಕ್ಷಕರಾಗಿದ್ದೀರಿ. ಮುಂದಿನ ಪರೀಕ್ಷೆಗೆ ಪತ್ರಿಕೆ ತಯಾರಿಸುವಾಗ 'ಅಭಿಸರಣ ಎಂದರೇನು?' ಎಂಬುದನ್ನು ಕೈಬಿಟ್ಟು ಇದನ್ನು ಕೇಳಿ: ಭೇದಿಯಾದ ಮಗುವಿಗೆ ಉಪ್ಪಿಲ್ಲದ ಸಕ್ಕರೆ ನೀರು ಏಕೆ ಸಾಲದು? ಕರುಳಿನ ಕೋಶದ ಚಿತ್ರ ಬರೆದು ವಿವರಿಸಿ. ಐದು ಅಂಕ ಕೊಡಿ.